ಶ್ರೀರಂಗಪಟ್ಟಣದಲ್ಲಿ ಇಸ್ಲಾಮೀ ಅಧ್ಯಾತ್ಮ ಮತ್ತು ಆಧುನಿಕ ವಿಜ್ಞಾನ

ಶ್ರೀರಂಗಪಟ್ಟಣದಲ್ಲಿ ಇಸ್ಲಾಮೀ ಅಧ್ಯಾತ್ಮ ಮತ್ತು ಆಧುನಿಕ ವಿಜ್ಞಾನ ಎಂಬ ಈ ವಿಷಯವು, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೈಸೂರು ರಾಜ್ಯದ ರಾಜಧಾನಿಯಾಗಿದ್ದ ಈ ದ್ವೀಪನಗರದಲ್ಲಿ ಸೂಫಿ ಶ್ರದ್ಧೆ, ಕಾಲಗಣನೆ, ಯುನಾನಿ ವೈದ್ಯ ಮತ್ತು ಯುರೋಪಿನ ಹೊಸ ಯಂತ್ರವಿದ್ಯೆ ಒಂದೇ ಆಡಳಿತದೊಳಗೆ ಕೂಡಿಬಂದ ಬಗೆಯನ್ನೂ, 1929ರಲ್ಲಿ ಕವಿ ಹಾಗೂ ದಾರ್ಶನಿಕ ಮುಹಮ್ಮದ್ ಇಕ್ಬಾಲರ ಭೇಟಿಯ ಮೂಲಕ ಆ ನೆನಪಿಗೆ ದೊರೆತ ತಾತ್ವಿಕ ಮುಂದುವರಿಕೆಯನ್ನೂ ಒಳಗೊಂಡಿದೆ. ಇದರ ಮುಖ್ಯ ಕಾಲ ಟಿಪ್ಪು ಸುಲ್ತಾನನ ಆಳ್ವಿಕೆ, ಅಂದರೆ 1782ರಿಂದ 1799. ಮುಖ್ಯ ಆಕರಗಳು ನಾಣ್ಯ, ಶಾಸನ, ಪತ್ರಗಳು, ಒಂದು ಗ್ರಂಥಭಂಡಾರದ ಪಟ್ಟಿ ಮತ್ತು ಸುಲ್ತಾನನೇ ಬರೆದಿಟ್ಟ ಕನಸುಗಳ ಪುಸ್ತಕ.

ಪರಿಭಾಷೆ

ಅಧ್ಯಾತ್ಮ ಎಂಬ ಪದವನ್ನು ಇಲ್ಲಿ ತಸವ್ವುಫ್, ಅಂದರೆ ಸೂಫಿ ಸಾಧನೆ, ಎಂಬ ಅರ್ಥಕ್ಕಿಂತ ತುಸು ವಿಶಾಲವಾಗಿ ಬಳಸಲಾಗಿದೆ. ನಮಾಜು, ದೈವಸ್ಮರಣೆ, ವಲಿಗಳಲ್ಲಿ ಶ್ರದ್ಧೆ, ಉರುಸು, ಕನಸನ್ನು ದೈವಸೂಚನೆಯಾಗಿ ಓದುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ಇಲ್ಮ್ ಎಂದರೆ ಅರಿವು. ಧರ್ಮದ ತಿಳಿವಿಗೂ ಲೋಕದ ತಿಳಿವಿಗೂ ಅರಬ್ಬಿ, ಪಾರಸಿ ಲೇಖಕರು ಇದೊಂದೇ ಪದ ಬಳಸುತ್ತಿದ್ದರು. ನುಜೂಮ್ ಎಂಬ ಹೆಸರಿನಡಿ ಇಂದು ನಾವು ಬೇರ್ಪಡಿಸುವ ಖಗೋಳವಿಜ್ಞಾನ ಮತ್ತು ಫಲಜ್ಯೋತಿಷ ಎರಡೂ ಬರುತ್ತಿದ್ದವು. ಆಧುನಿಕ ವಿಜ್ಞಾನ ಎಂದರೆ ಹದಿನೇಳನೆಯ ಶತಮಾನದಿಂದೀಚೆಗೆ ಯುರೋಪಿನಲ್ಲಿ ರೂಪುಗೊಂಡ, ಅಳತೆ ಮತ್ತು ಪ್ರಯೋಗವನ್ನು ನೆಚ್ಚಿದ ಜ್ಞಾನಪದ್ಧತಿ. ತಂತ್ರಜ್ಞಾನ ಇದಕ್ಕಿಂತ ಭಿನ್ನ. ರಾಕೆಟ್ಟನ್ನು ಹಾರಿಸಬಲ್ಲವರಿಗೆ ಅದರ ಚಲನೆಯ ಗಣಿತ ಗೊತ್ತಿರಲೇಬೇಕೆಂದಿಲ್ಲ. ಶ್ರೀರಂಗಪಟ್ಟಣದ ಬಗ್ಗೆ ಬರೆದವರಲ್ಲಿ ಹಲವರು ಈ ಎರಡನ್ನು ಬೆರೆಸಿದ್ದರಿಂದಲೇ ಹೊಗಳಿಕೆಯೂ ತೆಗಳಿಕೆಯೂ ಅತಿಯಾಗಿವೆ.

ಪ್ರದೇಶ

ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಈಗ ಮಂಡ್ಯ ಜಿಲ್ಲೆಯ ತಾಲೂಕು ಕೇಂದ್ರ. ಕೋಟೆಯೊಳಗೆ ಶ್ರೀರಂಗನಾಥಸ್ವಾಮಿ ದೇವಾಲಯವೂ ಬೆಂಗಳೂರು ಬಾಗಿಲ ಬಳಿ ಮಸ್ಜಿದೆ ಆಲಾ ಎಂಬ ಜುಮ್ಮಾ ಮಸೀದಿಯೂ ಇವೆ. ಕೋಟೆಯ ಹೊರಗೆ ದ್ವೀಪದ ಪೂರ್ವದಲ್ಲಿ ಟಿಪ್ಪುವಿನ ಗೋರಿಯಿರುವ ಗುಂಬಜ್ ಇದೆ. ಉತ್ತರದ ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂಬ ಹೆಸರಿತ್ತು. ಟಿಪ್ಪು ಮತ್ತು ಆತನ ತಂದೆ ಹೈದರ್ ಅಲಿಯ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಅಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರ ಕಾಲದಲ್ಲಿ ಅದು ಫ್ರೆಂಚ್ ರಾಕ್ಸ್ ಆಯಿತು. ಆ ತಾಲೂಕಿನಲ್ಲೇ ಮೇಲುಕೋಟೆ, ಮೋತಿ ತಲಾಬ್ ಎಂದೂ ಕರೆಯಲ್ಪಟ್ಟ ತೊಣ್ಣೂರು ಕೆರೆ, ಹಾಗೂ 1771ರಲ್ಲಿ ಹೈದರ್ ಮರಾಠರಿಗೆ ಸೋತ ಚಿನಕುರಳಿ ಇವೆ. ಪಶ್ಚಿಮಕ್ಕೆ, ಹಿಂದೆ ಅತ್ತಿಕುಪ್ಪೆಯಾಗಿದ್ದ ಕೃಷ್ಣರಾಜಪೇಟೆ; ಉತ್ತರಕ್ಕೆ ನಾಗಮಂಗಲ. ಈ ತಾಲೂಕುಗಳ ಹೆಚ್ಚಿನ ಊರುಗಳಿಗೆ ಇಸ್ಲಾಮಿನ ಪರಿಚಯ ಬಂದದ್ದು ರಾಜಾಸ್ಥಾನದ ಪಾರಸಿ ಗ್ರಂಥಗಳಿಂದಲ್ಲ. ದರ್ಗಾಗಳಿಂದ, ಮೊಹರಮ್ಮಿನ ಬಾಬಯ್ಯನ ಹಬ್ಬದಿಂದ.

ಮೂಲ

ಕನ್ನಡ ನಾಡಿನಲ್ಲಿ ಸೂಫಿ ಪಂಥವೂ ಖಗೋಳವಿದ್ಯೆಯೂ ಎದುರುಬದುರಾದದ್ದು ಶ್ರೀರಂಗಪಟ್ಟಣದಲ್ಲೇ ಮೊದಲಲ್ಲ. ಕಲಬುರಗಿಯಲ್ಲಿ 1397ರಿಂದ 1422ರವರೆಗೆ ಆಳಿದ ಫಿರೋಜ್ ಶಾ ಬಹಮನಿ ಗಣಿತ, ಖಗೋಳ, ತರ್ಕಗಳಲ್ಲಿ ಆಸಕ್ತನಾಗಿದ್ದ. 1407ರಲ್ಲಿ ಆತ ದೌಲತಾಬಾದಿನ ಬಳಿ ವೀಕ್ಷಣಾಲಯವೊಂದನ್ನು ಕಟ್ಟಿಸಲು ತೊಡಗಿದ. ಹೊಣೆ ಹೊತ್ತಿದ್ದ ವಿದ್ವಾಂಸ ತೀರಿಕೊಂಡು ಕೆಲಸ ಅಲ್ಲಿಗೇ ನಿಂತಿತು. ಅದೇ ದೊರೆಯ ಕಾಲದಲ್ಲಿ ದೆಹಲಿಯಿಂದ ಬಂದು ಕಲಬುರಗಿಯಲ್ಲಿ ನೆಲೆಸಿದ ಖ್ವಾಜಾ ಬಂದೇನವಾಜ್ ಗೇಸೂದರಾಜರನ್ನು ಫಿರೋಜ್ ಮೊದಲು ಆದರಿಸಿದ, ಆಮೇಲೆ ದೂರವಿಟ್ಟ. ಅವರಲ್ಲಿ ತಾನು ಬಯಸಿದ ಶಾಸ್ತ್ರಪಾಂಡಿತ್ಯ ಕಾಣಲಿಲ್ಲವೆಂಬುದೇ ಅದಕ್ಕೆ ಕಾರಣವೆಂದು ಚರಿತ್ರಕಾರ ಫರಿಶ್ತಾ ಬರೆದಿದ್ದಾನೆ. ಇಬ್ಬರೂ 1422ರಲ್ಲೇ ತೀರಿಕೊಂಡರು. ಜನ ಇಂದಿಗೂ ಹೋಗುವುದು ಖ್ವಾಜಾರ ದರ್ಗಾಕ್ಕೆ.

ಬೀದರಿನಲ್ಲಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಧರ್ಮಶಾಸ್ತ್ರದ ಜೊತೆಗೆ ಲೋಕವಿದ್ಯೆಗಳಿಗೂ ಹೆಸರಾಗಿತ್ತು. ವಿಜಯಪುರದಲ್ಲಿ 1570ರಲ್ಲಿ ಸಿದ್ಧವಾದ ನುಜೂಮ್ ಉಲ್ ಉಲೂಮ್ ಎಂಬ ಸಚಿತ್ರ ಹಸ್ತಪ್ರತಿ ಜ್ಯೋತಿಷ, ತಲಿಸ್ಮಾ, ಆಯುಧವಿದ್ಯೆಗಳನ್ನು ಒಂದೆಡೆ ಸೇರಿಸಿತು. ಅದೀಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ.

ಶ್ರೀರಂಗಪಟ್ಟಣದ ದೊರೆಗಳು ಈ ಪರಂಪರೆಗೆ ನೇರ ವಾರಸುದಾರರು. ಚರಿತ್ರಕಾರ ಕಿರ್ಮಾನಿಯ ಪ್ರಕಾರ ಹೈದರನ ಹಿರಿಯರು ಉತ್ತರದಿಂದ ಬಂದು ಮೊದಲು ನೆಲೆ ಕಂಡದ್ದು ಕಲಬುರಗಿಯ ಅದೇ ಬಂದೇನವಾಜ್ ದರ್ಗಾದ ಆಶ್ರಯದಲ್ಲಿ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿಗೆ ಆರ್ಕಾಟಿನ ಸೂಫಿ ಟಿಪ್ಪು ಮಸ್ತಾನ್ ಔಲಿಯಾರ ಹೆಸರಿಟ್ಟರು. ಓದುಬರಹ ಬಾರದ ತಂದೆ ಮಗನಿಗೆ ಪಾರಸಿ, ಅರಬ್ಬಿ, ಕುರ್‌ಆನ್ ಅಭ್ಯಾಸವನ್ನೂ ಯುದ್ಧವಿದ್ಯೆಯನ್ನೂ ಕಲಿಸಿದ.

ಕಾಲ, ನಾಣ್ಯ ಮತ್ತು ಅಳತೆ

ಅಧ್ಯಾತ್ಮ ಮತ್ತು ಗಣನೆ ಅತ್ಯಂತ ಸ್ಪಷ್ಟವಾಗಿ ಒಂದುಗೂಡಿದ್ದು ಟಿಪ್ಪುವಿನ ಪಂಚಾಂಗದಲ್ಲಿ. ಹಿಜರಿ ವರ್ಷ ಶುದ್ಧ ಚಾಂದ್ರಮಾನದ್ದು. ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಅದರ ತಿಂಗಳುಗಳು ಋತುವಿನಿಂದ ಋತುವಿಗೆ ಸರಿಯುತ್ತ ಹೋಗುವುದರಿಂದ ಬೆಳೆ ಕಂಡು ಕಂದಾಯ ಎತ್ತಬೇಕಾದ ಸರ್ಕಾರಕ್ಕೆ ಅದು ಒಗ್ಗುವುದಿಲ್ಲ. ಟಿಪ್ಪು ಕಂಡುಕೊಂಡ ಪರಿಹಾರವೆಂದರೆ ಸ್ಥಳೀಯ ಪಂಚಾಂಗದ ಚಾಂದ್ರ-ಸೌರ ಲೆಕ್ಕವನ್ನು ಅಧಿಕಮಾಸ ಸಹಿತ ಹಾಗೆಯೇ ಉಳಿಸಿಕೊಂಡು, ಅದಕ್ಕೆ ಇಸ್ಲಾಮೀ ಹೆಸರು ಹೊದಿಸುವುದು. ಚೈತ್ರಕ್ಕೆ ಅಹಮದಿ ಎಂಬ ಹೆಸರು ಬಂತು. ಪ್ರಭವಾದಿ ಅರವತ್ತು ಸಂವತ್ಸರಗಳಿಗೂ ಹೊಸ ಹೆಸರುಗಳು ಬಂದವು, ಮತ್ತು ಬಹುತೇಕ ಹೆಸರುಗಳ ಅಕ್ಷರಗಳ ಸಂಖ್ಯಾಮೌಲ್ಯವನ್ನು ಕೂಡಿದರೆ ಆ ಸಂವತ್ಸರದ ಕ್ರಮಸಂಖ್ಯೆ ಬರುವಂತೆ ಅವುಗಳನ್ನು ಹೊಂದಿಸಲಾಗಿತ್ತು. ಪಂಚಾಂಗ ನೋಡುತ್ತಿದ್ದ ಶಾನುಭೋಗನೂ ನಮಾಜು ಮಾಡುತ್ತಿದ್ದ ಆಸಫನೂ, ಅಂದರೆ ಟಿಪ್ಪುವಿನ ಪ್ರಾಂತಾಧಿಕಾರಿಯೂ, ಒಂದೇ ತಿಂಗಳನ್ನು ಎಣಿಸತೊಡಗಿದರು.

1787ರಿಂದ ನಾಣ್ಯಗಳ ಮೇಲೆ ಹಿಜರಿಯ ಬದಲು ಮೌಲೂದಿ ಶಕೆ ಕಾಣಿಸುತ್ತದೆ. ಆ ವರ್ಷ ಮೌಲೂದಿ 1215. ಶಕೆಯ ಆರಂಭ ಪ್ರವಾದಿ ಮುಹಮ್ಮದರ ಜನನವೋ ಅವರಿಗೆ ಪ್ರವಾದಿತ್ವ ಪ್ರಾಪ್ತವಾದ ಗಳಿಗೆಯೋ ಎಂಬುದರಲ್ಲಿ ನಾಣ್ಯತಜ್ಞರಿಗೆ ಒಮ್ಮತವಿಲ್ಲ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಪದ್ಧತಿಯೂ ಆಗಲೇ ಬಂತು.

ನಾಣ್ಯಗಳ ಹೆಸರುಗಳಲ್ಲಿ ಒಂದು ಶ್ರೇಣಿಯಿದೆ. ಚಿನ್ನದ ದೊಡ್ಡ ನಾಣ್ಯ ಪ್ರವಾದಿಯ ಹೆಸರಿನ ಅಹಮದಿ. ಅದರ ಕೆಳಗೆ ಖಲೀಫರ ಹೆಸರಿನ ಸಿದ್ದೀಕಿ, ಫಾರೂಕಿ. ಬೆಳ್ಳಿಯಲ್ಲಿ ಎರಡು ರೂಪಾಯಿಯ ಹೈದರಿ, ಒಂದು ರೂಪಾಯಿಯ ಇಮಾಮಿ. ಮುಂದೆ ಆಬಿದಿ, ಬಾಕಿರಿ, ಜಾಫರಿ, ಕಾಜಿಮಿ ಎಂದು ಇಮಾಮರ ಹೆಸರುಗಳು. ತಾಮ್ರಕ್ಕೆ ಇಳಿದರೆ ಹೆಸರುಗಳು ಆಕಾಶಕ್ಕೆ ಏರುತ್ತವೆ. ಪೈಸೆ ಜೋಹ್ರಾ, ಅಂದರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಅಂದರೆ ಮಂಗಳ. ಕಾಲು ಪೈಸೆ ಅಖ್ತರ್, ನಕ್ಷತ್ರ. ಅದಕ್ಕೂ ಚಿಕ್ಕದು ಕುತುಬ್, ಧ್ರುವ. ತಾಮ್ರದ ಈ ನಾಣ್ಯಗಳ ಒಂದು ಮುಖದಲ್ಲಿ ಆನೆ ಇರುತ್ತಿತ್ತು. ಶ್ರೀರಂಗಪಟ್ಟಣದ ಸಂತೆಯಲ್ಲಿ ಉಪ್ಪು ಕೊಂಡ ಹೆಂಗಸಿನ ಅಂಗೈಯಲ್ಲಿ ಇದ್ದದ್ದು ಈ ಶುಕ್ರ, ಮಂಗಳಗಳೇ.

ಉದ್ದದ ಅಳತೆಗೂ ಇದೇ ತರ್ಕ ಹರಿಯಿತು. ಟಿಪ್ಪುವಿನ ಪತ್ರಗಳನ್ನು 1811ರಲ್ಲಿ ಪ್ರಕಟಿಸಿದ ವಿಲಿಯಂ ಕಿರ್ಕ್‌ಪ್ಯಾಟ್ರಿಕ್‌ನ ವಿವರಣೆಯಂತೆ, ಗಜದ ಅಳತೆಯನ್ನು 24 ಹೆಬ್ಬೆರಳ ಅಗಲಕ್ಕೆ ಗೊತ್ತುಪಡಿಸಿದ್ದು ಕಲಿಮಾದಲ್ಲಿ 24 ಅಕ್ಷರಗಳಿವೆ ಎಂಬ ಆಧಾರದ ಮೇಲೆ. ಅಳತೆಯನ್ನು ರಾಜ್ಯಕ್ಕೆಲ್ಲ ಏಕರೂಪಗೊಳಿಸುವ ಕೆಲಸ ಟಿಪ್ಪುವಿನ ಕಾಲದಲ್ಲೇ ಫ್ರಾನ್ಸಿನಲ್ಲೂ ನಡೆಯಿತು. ಅಲ್ಲಿ ಮಾನದಂಡ ಭೂಮಿಯ ಮಧ್ಯಾಹ್ನರೇಖೆ, ಇಲ್ಲಿ ವಿಶ್ವಾಸದ ವಾಕ್ಯ.

ಗ್ರಂಥಭಂಡಾರ

1799ರಲ್ಲಿ ಕೋಟೆ ಬಿದ್ದಾಗ ಅರಮನೆಯಲ್ಲಿ ಸುಮಾರು 2,000 ಸಂಪುಟಗಳ ಗ್ರಂಥಭಂಡಾರ ಸಿಕ್ಕಿತು. ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಅದರ ವಿವರಣಾತ್ಮಕ ಸೂಚಿಯನ್ನು ಪ್ರಕಟಿಸಿದ. ವಿಷಯವಾರು ಲೆಕ್ಕವೇ ಆ ಆಸ್ಥಾನದ ಮನೋಧರ್ಮವನ್ನು ಹೇಳುತ್ತದೆ: ಕಾವ್ಯ 190, ಚರಿತ್ರೆ 118, ಸೂಫಿ ಗ್ರಂಥಗಳು 115, ಧರ್ಮನ್ಯಾಯ 95, ವೈದ್ಯ 62, ತತ್ತ್ವಶಾಸ್ತ್ರ 54, ಖಗೋಳ 20, ಗಣಿತ 7. ಸಂಖ್ಯೆಯಲ್ಲಿ ಸೂಫಿಸಂ ಮೂರನೆಯದು. ವೈದ್ಯ, ಖಗೋಳ, ಗಣಿತ ಮೂರೂ ಸೇರಿದರೂ ಅದಕ್ಕಿಂತ ಕಡಿಮೆಯೇ.

ಆದರೂ ವೈದ್ಯದ ಕಪಾಟಿನಲ್ಲಿ ಹೊಸತಿತ್ತು. ಲಂಡನ್ನಿನ ಔಷಧಸಂಹಿತೆಯನ್ನೂ, ವಿದ್ಯುತ್ತಿನ ವೈದ್ಯಕೀಯ ಪ್ರಯೋಗಗಳ ಮೇಲಿನ ಪುಸ್ತಕವನ್ನೂ ಪಾರಸಿಗೆ ತರಿಸಲಾಗಿತ್ತು. ಯುನಾನಿಯ ನಾಲ್ಕು ದೋಷಗಳ ಸಿದ್ಧಾಂತ ಮತ್ತು ಯುರೋಪಿನ ಪ್ರಯೋಗವರದಿ ಅಕ್ಕಪಕ್ಕದಲ್ಲಿ ನಿಂತಿದ್ದವು. ಒಂದನ್ನು ಇನ್ನೊಂದರಿಂದ ಪರೀಕ್ಷಿಸುವ ಕೆಲಸ ಮಾತ್ರ ಶುರುವಾಗಲಿಲ್ಲ. ಸುಲ್ತಾನ ಅಧಿಕಾರಿಗಳ ಕಾಯಿಲೆಗೆ ತಾನೇ ಔಷಧ, ಪಥ್ಯ ಸೂಚಿಸಿ ಪತ್ರ ಬರೆಯುತ್ತಿದ್ದ. ಆ ಸೂಚನೆಗಳು ಯುನಾನಿಯವೇ.

ಉಪಕರಣಗಳು ಮತ್ತು ಯಂತ್ರವಿದ್ಯೆ

1780ರ ದಶಕದ ಒಂದು ಪತ್ರ ಈ ಚರ್ಚೆಗೆ ಮುಖ್ಯವಾದದ್ದು. ಪುದುಚೇರಿಯ ಫ್ರೆಂಚ್ ಗವರ್ನರ್ ಕೊಸಿಞಿ ಕಳಿಸಿದ್ದ ವಾಯುಭಾರಮಾಪಕದ ಪಾದರಸ ಹಳೆಯದಾಗಿ ಸರಿಯಾಗಿ ಏರಿಳಿಯುತ್ತಿಲ್ಲವೆಂದು ಟಿಪ್ಪು ಅದನ್ನು ಹಿಂದಿರುಗಿಸಿ, ಹೊಸದೊಂದನ್ನು ಕಳಿಸುವಂತೆ ಕೇಳುತ್ತಾನೆ. ಇಲ್ಲಿರುವುದು ಕೇವಲ ವಿದೇಶಿ ವಸ್ತುವಿನ ಮೋಹವಲ್ಲ. ಉಪಕರಣ ಹೇಗೆ ವರ್ತಿಸಬೇಕೆಂದು ತಿಳಿದು, ಹಾಗೆ ವರ್ತಿಸದಾಗ ದೋಷ ಎಲ್ಲಿದೆಯೆಂದು ಹುಡುಕಿದ ದೃಷ್ಟಿ ಇದು. ಆಧುನಿಕ ವಿಜ್ಞಾನದ ಪದ್ಧತಿಗೆ ಶ್ರೀರಂಗಪಟ್ಟಣ ಅತಿ ಸಮೀಪ ಬಂದದ್ದು ಬಹುಶಃ ಈ ಪತ್ರದಲ್ಲಿ.

ಫ್ರಾನ್ಸಿಗೆ ಹೋದ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೈಲ್ಸ್‌ನಲ್ಲಿ ಹದಿನಾರನೆಯ ಲೂಯಿಯನ್ನು ಕಂಡು, ಸೇನಾ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಗಿಡ, ಬೀಜಗಳನ್ನೂ ಕೋರಿದರು. ಅದಕ್ಕೂ ಮುಂಚೆ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ ನಿಯೋಗದ ಮುಂದೆ ಖಲೀಫನ ಮನ್ನಣೆ ಪಡೆಯುವ ಗುರಿಯಿತ್ತು. ಜೊತೆಗೆ, ಹಜರತ್ ಅಲಿಯ ಸಮಾಧಿಯಿರುವ ನಜಫ್ ಪಟ್ಟಣಕ್ಕೆ ಯೂಫ್ರಟಿಸ್ ನದಿಯಿಂದ ಕಾಲುವೆ ತೋಡಿಸುವ ಪ್ರಸ್ತಾವವನ್ನೂ ಟಿಪ್ಪು ಇಟ್ಟಿದ್ದ. ಹರಕೆಯೊಂದು ನೀರಾವರಿ ಯೋಜನೆಯ ರೂಪ ತಳೆದ ಈ ಪ್ರಸ್ತಾವ ಕೈಗೂಡಲಿಲ್ಲ.

ರಾಕೆಟ್ಟು ಈ ಯುಗದ ಹೆಚ್ಚು ಪ್ರಸಿದ್ಧ ತಂತ್ರ. ಬಾಣಕ್ಕೆ ಬಿದಿರು, ಕಾಗದದ ಬದಲು ಕಬ್ಬಿಣದ ನಳಿಗೆ ಬಳಸಿದ್ದೇ ಅದರ ಹೊಸತನ. ನಳಿಗೆ ಗಟ್ಟಿಯಾದಷ್ಟೂ ಒಳಗಿನ ಮದ್ದು ಹೆಚ್ಚಿನ ಒತ್ತಡದಲ್ಲಿ ಉರಿಯುತ್ತದೆ, ದೂರ ಹೆಚ್ಚುತ್ತದೆ. ಒಳ್ಳೆಯವು ಸುಮಾರು 2 ಕಿಲೋಮೀಟರ್ ಹಾರುತ್ತಿದ್ದವು. 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನದಲ್ಲಿ ಬ್ರಿಟಿಷ್ ಸೇನಾನಿ ಬೇಲಿಯ ಪಡೆಯ ಮದ್ದಿನ ಬಂಡಿಗಳು ಸ್ಫೋಟಗೊಂಡವು. 1784ರ ದರಿಯಾ ದೌಲತ್ ಅರಮನೆಯ ಗೋಡೆಚಿತ್ರದಲ್ಲಿ ಆ ಗಳಿಗೆಯನ್ನು ಇಂದಿಗೂ ನೋಡಬಹುದು. ಸೇನೆಗಾಗಿ ಜೈನುಲ್ ಆಬಿದೀನ್ ಶುಸ್ತರಿ ಬರೆದ ಫತ್‌ಹುಲ್ ಮುಜಾಹಿದೀನ್ ಎಂಬ ಕೈಪಿಡಿಯಲ್ಲಿ ರಾಕೆಟ್ ದಳಗಳ ವ್ಯವಸ್ಥೆಯೂ ಇದೆ, ನಂಬಿಕೆ ಹಾಗೂ ನಮಾಜಿನ ವಿಧಿಗಳೂ ಇವೆ. ಸಿಪಾಯಿ ಎರಡನ್ನೂ ಒಂದೇ ಪುಸ್ತಕದಿಂದ ಕಲಿಯಬೇಕಿತ್ತು.

ಶಿವಮೊಗ್ಗ ಜಿಲ್ಲೆಯ ನಗರದ ಪಾಳು ಬಾವಿಯೊಂದರಲ್ಲಿ 2018ರಲ್ಲಿ 1,000ಕ್ಕೂ ಹೆಚ್ಚು ರಾಕೆಟ್ ನಳಿಗೆಗಳು ದೊರೆತವು. ರಾಕೆಟ್ಟುಗಳ ದಾಸ್ತಾನು ರಾಜಧಾನಿಗಷ್ಟೇ ಸೀಮಿತವಾಗಿರಲಿಲ್ಲ ಎಂಬುದಕ್ಕೆ ಇದು ಗಟ್ಟಿ ಸಾಕ್ಷ್ಯ. ಶ್ರೀರಂಗಪಟ್ಟಣದಿಂದ ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರಕ್ಕೆ ಹೋದ ಮಾದರಿಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟನ್ನು ರೂಪಿಸಿದ. ಅದು 1807ರಲ್ಲಿ ಕೋಪನ್‌ಹೇಗನ್ ಮೇಲೆ ಬಿತ್ತು. ವಾಯುಯಾನ ವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ತುಲನೆ ಮಾಡಿ, ಒಂದೆಡೆ ಕುಶಲಕರ್ಮಿಯ ಕೈಚಳಕ, ಇನ್ನೊಂದೆಡೆ ನ್ಯೂಟನ್ನಿನ ನಂತರದ ಗಣಿತ ಹಾಗೂ ಕೈಗಾರಿಕಾ ಪ್ರಯೋಗ ಎಂಬ ಅಂತರವನ್ನು ಗುರುತಿಸಿದರು.

ಕಾವೇರಿಯ ಶಿಲಾಶಾಸನ

ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ 1911ರಲ್ಲಿ ಆರಂಭವಾದ ಮೇಲೆ ಅದೇ ಜಾಗದಲ್ಲಿ ಟಿಪ್ಪುವಿನ ಪಾರಸಿ ಶಾಸನವೊಂದು ಸಿಕ್ಕಿತು. ಈಗ ಅದನ್ನು ಅಣೆಕಟ್ಟೆಯ ಪ್ರವೇಶದ ಬಳಿ ಅನುವಾದ ಸಹಿತ ನಿಲ್ಲಿಸಲಾಗಿದೆ. 1790ರ ದಶಕದ ಈ ಶಾಸನ ದೈವನಾಮದಿಂದ ತೊಡಗಿ, ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಡ್ಡಲಾಗಿ ಮುಹ್ಯಿ ಎಂಬ ಕಟ್ಟೆಗೆ ಅಡಿಗಲ್ಲು ಹಾಕಿದ್ದನ್ನು ಹೇಳುತ್ತದೆ. ಮೌಲೂದಿ ತಿಂಗಳು, ಸೋಮವಾರ, ಸೂರ್ಯೋದಯಕ್ಕೆ ಮುಂಚಿನ ವೇಳೆ, ವೃಷಭದಲ್ಲಿ ಶುಕ್ರ ಎಂಬ ಗ್ರಹಸ್ಥಿತಿ ಎಲ್ಲವನ್ನೂ ಅದು ದಾಖಲಿಸುತ್ತದೆ. ಆಮೇಲೆ ಬರುವುದು ಕಂದಾಯದ ಮಾತು: ಈ ನೀರಿನಿಂದ ಹೊಸದಾಗಿ ಸಾಗುವಳಿಗೆ ಬರುವ ಭೂಮಿಗೆ ಕಾಲು ಭಾಗದ ರಿಯಾಯಿತಿ, ಅದು ದೇವರ ಹೆಸರಿನಲ್ಲಿ ಮತ್ತು ವಂಶಪಾರಂಪರ್ಯವಾಗಿ.

ಹರಕೆ, ಮುಹೂರ್ತ, ಜಲವಿಜ್ಞಾನ, ರೈತನ ತೆರಿಗೆ ನಾಲ್ಕೂ ಒಂದೇ ಕಲ್ಲಿನ ಮೇಲಿವೆ. ಆಗ ಕಟ್ಟೆ ಪೂರ್ತಿಯಾಗಲಿಲ್ಲ. ಎಂ. ವಿಶ್ವೇಶ್ವರಯ್ಯನವರ ಯೋಜನೆಯ ಅಣೆಕಟ್ಟು 1931ರಲ್ಲಿ ಮುಗಿಯಿತು. ಅದರ ಕೆಳಗಿನ ಬೃಂದಾವನ ಉದ್ಯಾನವನ್ನು ಕಾಶ್ಮೀರದ ಶಾಲಿಮಾರ್ ಬಾಗಿನ ಮಾದರಿಯಲ್ಲಿ ಮಾಡಿಸಿದವರು ಇರಾನ್ ಮೂಲದ ಮನೆತನದ ದಿವಾನ ಮಿರ್ಜಾ ಇಸ್ಮಾಯಿಲ್.

ಕನಸಿನ ಪುಸ್ತಕ

ಖ್ವಾಬ್‌ನಾಮಾ ಟಿಪ್ಪು ಪಾರಸಿಯಲ್ಲಿ ತನ್ನ ಕೈಬರಹದಲ್ಲೇ ಬರೆದಿಟ್ಟ 37 ಕನಸುಗಳ ದಾಖಲೆ. 1799ರಲ್ಲಿ ಅರಮನೆಯ ಮಲಗುವ ಕೋಣೆಯಲ್ಲಿ ದೊರೆತ ಇದು 1800ರಲ್ಲಿ ಲಂಡನ್ನಿಗೆ ಹೋಯಿತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಸ್ಲಾಮೀ ಪರಂಪರೆಯಲ್ಲಿ ಸತ್ಯಸ್ವಪ್ನಕ್ಕೆ ಪ್ರವಾದಿತ್ವದ ಒಂದು ಅಂಶವೆಂಬ ಗೌರವವಿದೆ. ಹೀಗಾಗಿ ಕನಸನ್ನು ಬರೆದಿಡುವುದು ಆಗಿನವರಿಗೆ ವಿಚಿತ್ರವಾಗಿ ತೋರುತ್ತಿರಲಿಲ್ಲ. ಗಮನಾರ್ಹವಾದದ್ದು ದಾಖಲಿಸುವ ಶಿಸ್ತು. ಹಲವು ಕನಸುಗಳಿಗೆ ತಿಂಗಳು, ತಾರೀಕು, ವಾರ, ರಾತ್ರಿಯ ಯಾವ ಜಾವ, ಯಾವ ಊರಿನ ಬಿಡಾರ ಎಂಬ ವಿವರವಿದೆ. ಮೊದಲು ಕಂಡದ್ದು, ಆಮೇಲೆ ತಾನು ಮಾಡಿದ ಅರ್ಥ. ಒಂದು ಕನಸಿನಲ್ಲಿ ಚೀನಾದ ಚಕ್ರವರ್ತಿಯಿಂದ ಬಿಳಿ ಆನೆ ಕಾಣಿಕೆಯಾಗಿ ಬರುತ್ತದೆ. ಶತ್ರುಗಳ ಸೋಲು, ವಲಿಗಳ ದರ್ಶನ ಪದೇ ಪದೇ ಬರುತ್ತವೆ.

ಇದನ್ನು ಮೂಢನಂಬಿಕೆಯ ಕಡತವೆಂದು ತಳ್ಳಿಹಾಕಿದ ವಸಾಹತು ಲೇಖಕರು ದಾಖಲೆಯ ಕ್ರಮವನ್ನು ಗಮನಿಸಲಿಲ್ಲ. ಅದನ್ನೇ ವಿಜ್ಞಾನವೆಂದು ಕರೆಯುವುದೂ ಸಲ್ಲದು, ಏಕೆಂದರೆ ಸುಳ್ಳಾದ ಕನಸುಗಳ ಲೆಕ್ಕ ಅಲ್ಲಿಲ್ಲ. ಗಿರೀಶ ಕಾರ್ನಾಡರ ‘ಟಿಪ್ಪು ಸುಲ್ತಾನ ಕಂಡ ಕನಸು’ ನಾಟಕಕ್ಕೆ ಮೂಲ ಈ ಹಸ್ತಪ್ರತಿಯೇ.

ಧಾರ್ಮಿಕ ನೀತಿಯ ವಿವಾದ

ಟಿಪ್ಪುವಿನ ಧಾರ್ಮಿಕ ನೀತಿ ತೀವ್ರ ವಿವಾದದ ವಿಷಯ. ಅದರ ಪೂರ್ಣ ಚರ್ಚೆ ಈ ಲೇಖನದ ವ್ಯಾಪ್ತಿಗೆ ಹೊರಗಿದ್ದರೂ ಅದನ್ನು ಮರೆತು ಇಲ್ಲಿನ ಅಧ್ಯಾತ್ಮವನ್ನು ವಿವರಿಸಲಾಗದು. ಮೇಲುಕೋಟೆಯ ದೇವಾಲಯಕ್ಕೂ ಶ್ರೀರಂಗನಾಥ ದೇವಾಲಯಕ್ಕೂ ಆತ ಕೊಟ್ಟ ಕಾಣಿಕೆಗಳಿವೆ. ಶೃಂಗೇರಿ ಮಠದೊಂದಿಗಿನ ಪತ್ರಗಳಲ್ಲಿ ಶತಚಂಡಿ ಜಪಕ್ಕೆ ಕೋರಿಕೆಯಿದೆ. ಇನ್ನೊಂದೆಡೆ ಮಲಬಾರು, ಕೊಡಗುಗಳಲ್ಲಿ ಬಲವಂತದ ಮತಾಂತರ, ಸೆರೆ, ಸ್ಥಳಾಂತರಗಳ ದಾಖಲೆಗಳಿವೆ. ಮೇಲುಕೋಟೆಯ ಮಂಡಯಂ ಅಯ್ಯಂಗಾರ್ ಸಮುದಾಯ ತನ್ನವರ ಹತ್ಯೆಯ ನೆನಪಿನಲ್ಲಿ ದೀಪಾವಳಿಯನ್ನು ಆಚರಿಸುವುದಿಲ್ಲ.

1799 ಮತ್ತು ನಂತರ

1799ರ ಮೇ 4ರಂದು ಕೋಟೆ ಬಿತ್ತು. ಆ ದಿನ ಅಶುಭವೆಂದು ಜ್ಯೋತಿಷಿಗಳು ಎಚ್ಚರಿಸಿದ್ದರಿಂದ ಸುಲ್ತಾನ ಬೆಳಿಗ್ಗೆ ದಾನ ಮಾಡಿದನೆಂದು ಕಿರ್ಮಾನಿ ಬರೆಯುತ್ತಾನೆ. ಸಂಜೆ ಶವ ಸಿಕ್ಕಾಗ ತೋಳಿನಲ್ಲಿ ಅರಬ್ಬಿ, ಪಾರಸಿ ಅಕ್ಷರಗಳಿದ್ದ ತಾಯಿತವಿತ್ತು. ವಾಯುಭಾರಮಾಪಕದ ಪಾದರಸವನ್ನು ಪರೀಕ್ಷಿಸಿದವನೂ ಈ ತಾಯಿತ ಕಟ್ಟಿಕೊಂಡವನೂ ಒಬ್ಬನೇ, ಮತ್ತು ಆ ಎರಡರ ನಡುವೆ ವಿರೋಧ ಕಂಡಂತೆ ಆತನ ಯಾವ ಬರಹವೂ ಹೇಳುವುದಿಲ್ಲ.

ಪುಸ್ತಕಗಳು ಕಲ್ಕತ್ತೆಗೂ ಇಂಗ್ಲೆಂಡಿಗೂ ಹಂಚಿಹೋದವು. ಮೌಲೂದಿ ಪಂಚಾಂಗ, ಹೊಸ ನಾಣ್ಯ, ಹೊಸ ಗಜ ಎಲ್ಲವೂ ಒಡನೆಯೇ ರದ್ದಾದವು. ಇಷ್ಟು ಬೇಗ ಎಲ್ಲ ಅಳಿದುದಕ್ಕೆ ಸೋಲೊಂದೇ ಕಾರಣವಲ್ಲ. ಈ ಪ್ರಯೋಗಗಳು ಒಬ್ಬ ದೊರೆಯ ಆಜ್ಞೆಯ ಮೇಲೆ ನಿಂತಿದ್ದವು. ಅವನ್ನು ಚರ್ಚಿಸಿ, ತಿದ್ದಿ, ಮುಂದಿನ ತಲೆಮಾರಿಗೆ ದಾಟಿಸುವ ವಿದ್ವತ್ಸಭೆ ಬೆಳೆದಿರಲಿಲ್ಲ. ಉಳಿದದ್ದು ಜನರ ಶ್ರದ್ಧೆಯಲ್ಲಿ ಬೇರು ಬಿಟ್ಟ ಸಂಸ್ಥೆಗಳು ಮಾತ್ರ, ಮಸೀದಿ ಮತ್ತು ಗೋರಿ.

ಇಕ್ಬಾಲರ ಭೇಟಿ

1929ರ ಜನವರಿಯಲ್ಲಿ ಇಕ್ಬಾಲರು ಮದರಾಸಿನಲ್ಲಿ ಇಸ್ಲಾಮೀ ಚಿಂತನೆಯ ಪುನಾರಚನೆ ಕುರಿತು ಮೂರು ಉಪನ್ಯಾಸ ನೀಡಿ, ಬೆಂಗಳೂರು, ಮೈಸೂರುಗಳಿಗೆ ಬಂದು, ಶ್ರೀರಂಗಪಟ್ಟಣದ ಗುಂಬಜಿಗೆ ಭೇಟಿ ಕೊಟ್ಟರು. ಆಮೇಲೆ ಹೈದರಾಬಾದಿಗೆ ಹೋದರು. ಇವೂ ಸೇರಿ ಆರು ಉಪನ್ಯಾಸಗಳು 1930ರಲ್ಲಿ ಲಾಹೋರಿನಿಂದ ಪುಸ್ತಕವಾಗಿ ಬಂದವು. 1934ರ ಆಕ್ಸ್‌ಫರ್ಡ್ ಆವೃತ್ತಿಗೆ ಏಳನೆಯ ಉಪನ್ಯಾಸ ಸೇರಿತು. ಇಸ್ಲಾಮೀ ಅಧ್ಯಾತ್ಮ ಮತ್ತು ಆಧುನಿಕ ವಿಜ್ಞಾನದ ಸಂಬಂಧವನ್ನು ನೇರವಾಗಿ ಎತ್ತಿಕೊಂಡ ಕೃತಿಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನವಿದೆ.

ಅವರ ವಾದದ ತಿರುಳು ಹೀಗಿದೆ. ಅನುಭಾವವೂ ಒಂದು ಬಗೆಯ ಅನುಭವ. ಇಂದ್ರಿಯಾನುಭವವನ್ನು ಜ್ಞಾನದ ಮೂಲವೆಂದು ಒಪ್ಪುವವರು ಅದನ್ನು ಪರೀಕ್ಷಿಸದೆ ಬದಿಗಿಡುವಂತಿಲ್ಲ. ಪರೀಕ್ಷೆ ಎರಡು ಬಗೆ: ತರ್ಕಕ್ಕೆ ನಿಲ್ಲುತ್ತದೆಯೇ, ಬಾಳಿನಲ್ಲಿ ಫಲ ಕೊಡುತ್ತದೆಯೇ. ಕುರ್‌ಆನ್ ಪ್ರಕೃತಿಯನ್ನೂ ಚರಿತ್ರೆಯನ್ನೂ ಅಂತರಂಗವನ್ನೂ ಸೂಚನೆಗಳಾಗಿ ನೋಡೆನ್ನುವುದರಿಂದ ಅನುಗಮನದ ಬುದ್ಧಿ ಇಸ್ಲಾಮಿಗೆ ಹೊರಗಿನದಲ್ಲ. ಮುಹಮ್ಮದರೊಂದಿಗೆ ಪ್ರವಾದಿತ್ವ ಮುಗಿಯಿತೆಂಬ ನಂಬಿಕೆಗೆ, ಇನ್ನು ಮನುಷ್ಯ ತನ್ನ ವಿಚಾರಶಕ್ತಿಯನ್ನೇ ನೆಚ್ಚಬೇಕು ಎಂಬ ಅರ್ಥವೂ ಇದೆ. ವಿಜ್ಞಾನಗಳು ವಾಸ್ತವವನ್ನು ಭಾಗಭಾಗವಾಗಿ ಕಾಣುತ್ತವೆ. ಇಡಿಯಾದದ್ದನ್ನು ಅರಸುವುದು ಧರ್ಮದ ಕೆಲಸ. ಐನ್‌ಸ್ಟೈನ್, ಬರ್ಗ್ಸನ್, ವೈಟ್‌ಹೆಡ್ ಮುಂತಾದವರನ್ನು ಅವರು ಸೂಫಿ ಚಿಂತಕರ ಜೊತೆ ಚರ್ಚೆಗೆ ಕೂರಿಸಿದರು. ಜಗತ್ತಿನಿಂದ ಹಿಂಜರಿಯುವ ಸೂಫಿಸಂ ಬಗ್ಗೆ ಅವರ ಟೀಕೆ ಕಟುವಾಗಿತ್ತು. ಕ್ರಿಯೆಯಲ್ಲಿ ಬಾಳಿದ ಟಿಪ್ಪು ಅವರಿಗೆ ಮಾದರಿಯಾಗಿ ಕಂಡದ್ದು ಇದೇ ಕಾರಣಕ್ಕೆ. 1932ರ ಜಾವೇದ್ ನಾಮಾದಲ್ಲಿ ಟಿಪ್ಪು ಸ್ವರ್ಗದಲ್ಲಿ ಕಾಣಿಸಿಕೊಂಡು ಕಾವೇರಿಗೆ ಸಂದೇಶ ಕಳಿಸುತ್ತಾನೆ.

ಇಕ್ಬಾಲರ ಟಿಪ್ಪು ಒಂದು ಆದರ್ಶ. ಕನಸಿನ ಪುಸ್ತಕದ, ಗ್ರಹಸ್ಥಿತಿಯ ಶಾಸನದ ಟಿಪ್ಪು ಆ ಕಾವ್ಯದಲ್ಲಿ ಇಲ್ಲ.

ನಿಲುವುಗಳ ಬಗೆ

ಇಪ್ಪತ್ತನೆಯ ಶತಮಾನದಲ್ಲಿ ಈ ವಿಷಯದಲ್ಲಿ ಹಲವು ನಿಲುವುಗಳು ಬೆಳೆದವು. ಇಕ್ಬಾಲರದು ಸಮನ್ವಯ. ಇರಾನ್ ಮೂಲದ ಸಯ್ಯದ್ ಹುಸೇನ್ ನಸ್ರ್, ಆಧುನಿಕ ವಿಜ್ಞಾನ ಪ್ರಕೃತಿಯ ಪವಿತ್ರತೆಯನ್ನೇ ಕಳೆಯಿತೆಂದು ವಾದಿಸಿದರು. 1979ರ ನೊಬೆಲ್ ವಿಜೇತ ಭೌತವಿಜ್ಞಾನಿ ಅಬ್ದುಸ್ ಸಲಾಂ ತಮ್ಮ ನಂಬಿಕೆಯನ್ನು ಪ್ರೇರಣೆಯೆಂದು ಹೇಳಿಕೊಂಡರೂ, ಇಸ್ಲಾಮೀ ಭೌತವಿಜ್ಞಾನವೆಂಬ ಪ್ರತ್ಯೇಕ ಶಾಸ್ತ್ರವನ್ನು ಒಪ್ಪಲಿಲ್ಲ. ಫ್ರೆಂಚ್ ವೈದ್ಯ ಮೋರಿಸ್ ಬುಕಾಯ್ 1976ರ ಪುಸ್ತಕದಲ್ಲಿ ಹೊಸ ವೈಜ್ಞಾನಿಕ ಸಂಗತಿಗಳಿಗೂ ಕುರ್‌ಆನ್ ವಾಕ್ಯಗಳಿಗೂ ಹೊಂದಾಣಿಕೆ ತೋರಿಸಲು ಯತ್ನಿಸಿದ. ಜನಪ್ರಿಯ ಪ್ರವಚನಗಳಲ್ಲಿ ಇಂದು ಹೆಚ್ಚು ಕೇಳಿಬರುವುದು ಈ ಕೊನೆಯ ಬಗೆ. ಸಿದ್ಧಾಂತಗಳು ಬದಲಾದಂತೆ ವಾಕ್ಯಾರ್ಥವನ್ನೂ ಬದಲಿಸಬೇಕಾಗುವುದು ಅದರ ದೌರ್ಬಲ್ಯ.

ಕನ್ನಡದಲ್ಲಿ ಇಸ್ಲಾಮೀ ವಿಚಾರಗಳನ್ನು ಮಂಗಳೂರಿನ ಸನ್ಮಾರ್ಗ ಪತ್ರಿಕೆ ಮತ್ತು ಶಾಂತಿ ಪ್ರಕಾಶನಗಳು ಪ್ರಚುರಪಡಿಸಿವೆ. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ದರ್ಗಾ ಪರಂಪರೆಯನ್ನು ಕ್ಷೇತ್ರಕಾರ್ಯದಿಂದ ಅಧ್ಯಯನ ಮಾಡಿದ ಮುಖ್ಯ ಕೃತಿ.

ಇಂದಿನ ಸ್ಥಿತಿ

ಮಸ್ಜಿದೆ ಆಲಾ, ಗುಂಬಜ್ ಮತ್ತು ದರಿಯಾ ದೌಲತ್ ಸಂರಕ್ಷಿತ ಸ್ಮಾರಕಗಳು. ಗುಂಬಜಿನ ಸುತ್ತ ನುಣುಪಾದ 36 ಕರಿಗಲ್ಲ ಕಂಬಗಳಿವೆ. ಒಳಗೆ ಹೈದರ್, ಆತನ ಪತ್ನಿ ಫಖ್ರುನ್ನಿಸಾ ಮತ್ತು ಟಿಪ್ಪುವಿನ ಗೋರಿಗಳು. ದಂತದ ಕುಸುರಿಯ ಬಾಗಿಲುಗಳು 1855ರಲ್ಲಿ ಡಾಲ್‌ಹೌಸಿಯ ಕೊಡುಗೆ. ಟಿಪ್ಪುವಿನ ಉರುಸು ಪ್ರತಿವರ್ಷ ನಡೆಯುವುದು ಹಿಜರಿಯ ಜುಲ್‌ಕಾದ ತಿಂಗಳಲ್ಲಿ, ಆತ ಕೈಬಿಟ್ಟಿದ್ದ ಪಂಚಾಂಗದ ಪ್ರಕಾರ.

ಯುನಾನಿ ವೈದ್ಯಕ್ಕೆ ರಾಷ್ಟ್ರೀಯ ಮಟ್ಟದ ಸಂಸ್ಥೆ ಬೆಂಗಳೂರಿನಲ್ಲಿದೆ. ದರ್ಗಾಗಳಲ್ಲಿ ತಾಯಿತ, ಊದುವಿಕೆ, ಹರಕೆಗಳು ಆಸ್ಪತ್ರೆಯ ಜೊತೆಜೊತೆಗೇ ನಡೆದಿವೆ. ಸಂವಿಧಾನದ 51ಎ ವಿಧಿ 1976ರ ತಿದ್ದುಪಡಿಯ ಮೂಲಕ ವೈಜ್ಞಾನಿಕ ಮನೋಭಾವವನ್ನು ಪೌರರ ಕರ್ತವ್ಯವಾಗಿಸಿತು. 2017ರ ಕರ್ನಾಟಕದ ಅಮಾನವೀಯ ಆಚರಣೆಗಳ ತಡೆ ಕಾಯಿದೆ ಎಲ್ಲ ಧರ್ಮದವರಿಗೂ ಅನ್ವಯವಾಗುತ್ತದೆ. ನಾಯಿ, ಹಾವು, ಚೇಳು ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ತಪ್ಪಿಸಿ ಮಂತ್ರ, ದಾರಗಳನ್ನಷ್ಟೇ ಕೊಡುವುದು ಅದರಡಿ ಅಪರಾಧ. ಪ್ರಾರ್ಥನೆ, ಉರುಸುಗಳಿಗೆ ಅದು ಅಡ್ಡಿಯಲ್ಲ.

ಕಾಲಗಣನೆಯ ಪ್ರಶ್ನೆ ಇಂದೂ ಜೀವಂತವಾಗಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಮಸೀದಿಗಳಲ್ಲಿ ಐದು ಹೊತ್ತಿನ ನಮಾಜಿನ ಸಮಯವನ್ನು ಸೂರ್ಯನ ಸ್ಥಾನದ ಗಣಿತದಿಂದ ತಯಾರಿಸಿದ ಅಚ್ಚಿನ ಪಟ್ಟಿ ಹೇಳುತ್ತದೆ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ರಂಜಾನ್ ಮತ್ತು ಈದ್‌ನ ಆರಂಭಕ್ಕೆ ಮಾತ್ರ ಬರಿಗಣ್ಣಿಗೆ ಕಂಡ ಚಂದ್ರನ ಸಾಕ್ಷ್ಯ ಬೇಕು. ಅಮಾವಾಸ್ಯೆಯ ಕ್ಷಣವನ್ನು ಸೆಕೆಂಡಿನ ಮಟ್ಟಕ್ಕೆ ಮೊದಲೇ ಲೆಕ್ಕ ಹಾಕಬಹುದು. ಮರುದಿನ ಸಂಜೆ ಬಿದಿಗೆ ಚಂದ್ರ ಕಣ್ಣಿಗೆ ಬೀಳುವುದು ಅದರ ಎತ್ತರ, ಸೂರ್ಯನಿಂದ ಇರುವ ಕೋನ, ಗಾಳಿಯ ತಿಳಿತನ, ಮೋಡಗಳನ್ನು ಅವಲಂಬಿಸಿದೆ. ಲೆಕ್ಕವನ್ನು ಒಪ್ಪಬೇಕೆನ್ನುವವರೂ ಕಣ್ಣಿನ ಸಾಕ್ಷ್ಯವೇ ಧರ್ಮಸಮ್ಮತವೆನ್ನುವವರೂ ಸಮುದಾಯದ ಒಳಗೇ ಇದ್ದಾರೆ. ಕಂಡಿರಲಾರದ ದಿನದ ಸಾಕ್ಷ್ಯವನ್ನು ತಳ್ಳಿಹಾಕಲಷ್ಟೇ ಗಣಿತ ಬಳಸೋಣ ಎಂಬ ಮಧ್ಯಮ ನಿಲುವೂ ಇದೆ. ಸದ್ಯಕ್ಕೆ ನಿರ್ಣಯ ಬರುವುದು ಬೆಂಗಳೂರಿನಲ್ಲಿ ಸೇರುವ ಚಂದ್ರದರ್ಶನ ಸಮಿತಿಯಿಂದ, ಸಾಕ್ಷಿಗಳ ಹೇಳಿಕೆಯನ್ನು ಕೇಳಿದ ಮೇಲೆ.